ಕೈತಾಯಿ

ಬಿದಿರು ಸಸಿಗೆ ತನ್ನನ್ನು ಸಾಕಿದವರ ಕೈ ಗುರುತು ಸಿಗುವಂತಿದ್ದರೆ ಏನಾಗುತ್ತಿತ್ತು ಎಂದು ಪಂಪಾಪತಿ ಎಂಬ ವಿಜ್ಞಾನಿ ಒಮ್ಮೆ ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದನಂತೆ. ಬರೆದುಕೊಂಡು ಸುಮ್ಮನಿದ್ದಿದ್ದರೆ ಎಷ್ಟೋ ಮನೆಗಳು ನೆಟ್ಟಗಿರುತ್ತಿದ್ದವು. ಆದರೆ ಆತ ಸುಮ್ಮನಿರುವ ಜಾಯಮಾನದವನಲ್ಲ. ಅದಾಗಿ ಒಂಬತ್ತು ವರ್ಷಕ್ಕೆ, ಸಂಡೂರಿನ ಆಚೆ, ಅದಿರು ಬಗೆದು ಖಾಲಿ ಮಾಡಿ ಬಿಟ್ಟುಹೋದ ಗುಡ್ಡಗಳ ಬುಡದಲ್ಲಿ, ದಿನಾ ಬೆಳಿಗ್ಗೆ ಆರೂವರೆಗೆ ನೂರಕ್ಕೂ ಹೆಚ್ಚು ಹೆಂಗಸರು ಸಾಲಾಗಿ ನಿಂತು ಕೈಗವಸು ಕಳಚುತ್ತಿದ್ದರು.

ಆ ಸಾಲಿನಲ್ಲಿ ಯಾವಾಗಲೂ ಮುಂದೆ ಇರುತ್ತಿದ್ದವಳು ಹುಲಿಗೆಮ್ಮ. ಬಿದಿರು ಸಸಿಗಳ ನರ್ಸರಿಯ ಗೇಟಿನ ಪಕ್ಕ ಒಂದು ಗಾಜಿನ ಪೆಟ್ಟಿಗೆ ಇತ್ತು. ಎರಡೂ ಅಂಗೈಗಳನ್ನು ಅದರೊಳಗೆ ಇಡಬೇಕು. ಹಸಿರು ದೀಪ ಹತ್ತಿದರೆ ಒಳಕ್ಕೆ, ಕೆಂಪು ಹತ್ತಿದರೆ ಹೊರಕ್ಕೆ. ಹೊರಕ್ಕೆ ಎಂದರೆ ಗೇಟಿನಿಂದ ಮಾತ್ರವಲ್ಲ, ನರ್ಸರಿ ನಡೆಸುವ ಸಂಸ್ಥೆ ಕೊಟ್ಟ ಕ್ವಾರ್ಟರ್ಸಿನಿಂದ, ಅದರ ನಲ್ಲಿಯ ಕುಡಿಯುವ ನೀರಿನಿಂದ, ಅದರ ಆಸ್ಪತ್ರೆಯಿಂದ, ಎಲ್ಲದರಿಂದಲೂ. ಹಾಗೆ ಹೊರಬಿದ್ದವರು ಕೆಂಪು ಧೂಳಿನ ಆ ಸೀಮೆಯಲ್ಲಿ ಎಲ್ಲಿಗೆ ಹೋದರೆಂದು ಯಾರೂ ವಿಚಾರಿಸುತ್ತಿರಲಿಲ್ಲ.

ವಿಷಯ ಇಷ್ಟೇ. ಆ ಗುಡ್ಡಗಳ ವಿಷದ ಮಣ್ಣಿನಲ್ಲಿ ಹುಲ್ಲುಕಡ್ಡಿಯೂ ಏಳುತ್ತಿರಲಿಲ್ಲ. ಪಂಪಾಪತಿ ತಯಾರಿಸಿದ ಬಿದಿರೊಂದೇ ಅಲ್ಲಿ ಬದುಕುತ್ತಿತ್ತು, ಮಣ್ಣಿನೊಳಗಿನ ಲೋಹವನ್ನು ಹೀರಿ ಗಳದೊಳಗೆ ತುಂಬಿಕೊಳ್ಳುತ್ತಿತ್ತು. ಆದರೆ ಅದರ ಬೇರಿಗೆ ಕಾವಲಾಗಿ ಒಂದು ಅಣುಜೀವಿ ಬೇಕು. ಆ ಅಣುಜೀವಿ ಲ್ಯಾಬಿನ ಸೀಸೆಯಲ್ಲಿ ಬೆಳೆಯುತ್ತಿತ್ತು, ಶಕ್ತಿ ಮಾತ್ರ ಇರುತ್ತಿರಲಿಲ್ಲ. ಮನುಷ್ಯರ ಅಂಗೈಯ ಬಿಸಿಯಲ್ಲಿ, ಬೆವರಿನಲ್ಲಿ ಕೂತರೆ ಮಾತ್ರ ಅದಕ್ಕೆ ಹುರುಪು ಬರುತ್ತಿತ್ತು. ಹೆಂಗಸರು ಅದನ್ನು ಹೆಪ್ಪು ಎಂದು ಕರೆಯುತ್ತಿದ್ದರು. ಮನೆಮನೆಯ ಮೊಸರಿನ ರುಚಿ ಬೇರೆಯಾಗಿರುವಂತೆ ಒಬ್ಬೊಬ್ಬಳ ಅಂಗೈಯಲ್ಲಿ ಹೆಪ್ಪು ಒಂದೊಂದು ಗುಣ ಪಡೆಯುತ್ತಿತ್ತು. ಸಸಿ ಆ ಗುಣಕ್ಕೆ ಒಗ್ಗಿಕೊಂಡಿತೆಂದರೆ ತೊಂಬತ್ತು ದಿನ ಅದೇ ಕೈ ಬೇಕು. ಬೇರೆಯವಳ ಕೈ ತಾಗಿದರೆ ಮೂರು ದಿನದಲ್ಲಿ ಬುಡ ಕೊಳೆತು ಮಲಗುತ್ತಿತ್ತು. ಅದಕ್ಕೇ ಸಂಸ್ಥೆ ಈ ಹೆಂಗಸರಿಗೆ ಕೈತಾಯಿ ಎಂದು ಹೆಸರಿಟ್ಟು, ವರ್ಷಕ್ಕೊಮ್ಮೆ ಶಾಲು ಹೊದಿಸಿ, ಮೈಕಿನಲ್ಲಿ ಮಾತೃತ್ವದ ಮೇಲೆ ಭಾಷಣ ಮಾಡಿಸುತ್ತಿತ್ತು.

ಭಾಷಣದಲ್ಲಿ ಹೇಳದೆ ಬಿಟ್ಟ ಮಾತೊಂದಿತ್ತು. ಹೆಪ್ಪು ಹಚ್ಚಿಸಿಕೊಂಡ ಕೈ ತೊಂಬತ್ತು ದಿನ ಬೇರೆ ಯಾರ ಮೈಯನ್ನೂ ಮುಟ್ಟುವಂತಿಲ್ಲ. ಗಂಡನನ್ನೂ ಇಲ್ಲ, ಹೆತ್ತ ಮಗುವನ್ನೂ ಇಲ್ಲ. ಬೇರೆ ಚರ್ಮದ ಸೋಂಕು ಬಂದರೆ ಹೆಪ್ಪು ಕೆಡುತ್ತದೆ, ಗೇಟಿನಲ್ಲಿ ಕೆಂಪು ಹತ್ತುತ್ತದೆ.

ಹುಲಿಗೆಮ್ಮ ಮೇದಾರರ ಹೆಣ್ಣು. ಮೊರ, ಬುಟ್ಟಿ ಹೆಣೆದೇ ಬೆಳೆದವಳು. ಪ್ಲಾಸ್ಟಿಕ್ಕು ಬಂದು ಅವರ ಓಣಿಯನ್ನು ನುಂಗಿಹಾಕಿದ ಮೇಲೆ ಬಿದಿರು ಕಡಿಯುತ್ತಿದ್ದ ಕೈಗಳೇ ಬಿದಿರು ಸಾಕಲು ಬಂದವು. ಈ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಎಳೆ ಬಿದಿರು ನೋಡಲು ರಾಗಿ ಪೈರಿನ ಹಾಗೆ ಇರುತ್ತದೆ. ಒಂದೊಂದು ಪಾಕೀಟಿನ ಮುಂದೆಯೂ ಬಗ್ಗಿ, ಸಸಿಯನ್ನು ಬುಡದಿಂದ ತುದಿಯವರೆಗೆ ಅಂಗೈಯಲ್ಲಿ ಸವರಬೇಕು. ಸುಳಿಗೆ ಅಂಟಿದ ಒದ್ದೆ ಪೊರೆಯನ್ನು ಉಗುರು ತಾಗದಂತೆ ಬಿಡಿಸಬೇಕು, ಬಿಟ್ಟರೆ ಅದರೊಳಗೆ ಹೇನು ಸೇರುತ್ತವೆ. ನೀರು ಪಾಕೀಟಿನ ಅಂಚಿಗೆ ಬೀಳಬೇಕು, ಸುಳಿಗಲ್ಲ. ಹೊಸ ಮೊಳಕೆ ಮಣ್ಣೊಡೆದು ಇಣುಕಿದರೆ ಬುಡಕ್ಕೆ ಒಂದು ಹಿಡಿ ಗೊಬ್ಬರದ ಮಣ್ಣು ಏರಿಸಿ ಮೆತ್ತಗೆ ಒತ್ತಬೇಕು. ಬೇರೆಯವರ ಸಾಲುಗಳಲ್ಲಿ ನೂರಕ್ಕೆ ಹದಿನೈದು ಸಸಿ ಸಾಯುತ್ತಿದ್ದವು, ಇವಳ ಸಾಲಿನಲ್ಲಿ ಒಂದೋ ಎರಡೋ.

ಮಗಳು ದುರುಗಿಗೆ ಎರಡೂವರೆ ವರ್ಷವಿದ್ದಾಗ ಅವಳು ಇಲ್ಲಿಗೆ ಸೇರಿದ್ದು. ಏಳು ಬ್ಯಾಚು ಬೆಳೆಸಿಕೊಟ್ಟವಳಿಗೆ ಕೈಯನ್ನು ಪೂರ್ತಿ ತೊಳೆಸಿ, ಮಣ್ಣು ಮುಟ್ಟದ ಕಾಯಂ ಕೆಲಸ ಕೊಡುತ್ತೇವೆಂದು ಸಂಸ್ಥೆ ಬರೆದುಕೊಟ್ಟಿತ್ತು. ಬ್ಯಾಚಿಗೂ ಬ್ಯಾಚಿಗೂ ನಡುವೆ ಒಂದು ನೀಲಿ ಔಷಧದಲ್ಲಿ ಅಂಗೈ ಅದ್ದಿಸುತ್ತಿದ್ದರು. ಚರ್ಮ ಸುಲಿದು ಹೆಪ್ಪು ಹೋಗುತ್ತಿತ್ತು. ಆಮೇಲೆ ಹತ್ತು ದಿನ ರಜೆ. ಆ ಹತ್ತು ದಿನ ಮಾತ್ರ ಹುಲಿಗೆಮ್ಮ ಮಗಳನ್ನು ಬರಿಗೈಯಲ್ಲಿ ಮುಟ್ಟಿ, ಎರೆದು, ತಲೆ ಬಾಚಿ, ತುತ್ತು ಕೊಟ್ಟು ತಾಯಿಯಾಗಿರುತ್ತಿದ್ದಳು. ಉಳಿದ ತೊಂಬತ್ತು ದಿನ ಮುಟ್ಟಿದರೆ ರಬ್ಬರಿನ ಗವಸಿನಲ್ಲಿ, ಮಿಕ್ಕಿದ್ದಕ್ಕೆಲ್ಲ ಅತ್ತೆ ಕೆಂಚಮ್ಮನೇ. ಆರು ಬ್ಯಾಚು ಹೀಗೇ ಕಳೆದವು. ಏಳನೆಯದರಲ್ಲಿ ಎಪ್ಪತ್ತೊಂದು ದಿನ ಮುಗಿದಿತ್ತು. ಇನ್ನು ಹತ್ತೊಂಬತ್ತೇ ದಿನ ಎಂದು ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಮೂಗಿನ ತುದಿಯಿಂದ ತೋರಿಸಿದರೆ, ನಾಲ್ಕೂವರೆ ವರ್ಷದ ದುರುಗಿ ತಾನೂ ಮೂಗು ಹಚ್ಚಿ ನಗುತ್ತಿತ್ತು.

ಎಪ್ಪತ್ತೊಂದನೆಯ ದಿನವೇ ದುರುಗಿಗೆ ಜ್ವರ ಬಂತು. ಸಂಸ್ಥೆಯ ಆಸ್ಪತ್ರೆಯವರು ಸಿರಪ್ಪು ಕೊಟ್ಟರು. ಎರಡು ದಿನವಾದರೂ ಜ್ವರ ಇಳಿಯಲಿಲ್ಲ. ಭಾನುವಾರ ಮಧ್ಯಾಹ್ನ ಮಗುವಿನ ಕಣ್ಣು ತೇಲಿದಂತಾದಾಗ ಕೆಂಚಮ್ಮ ಹರಳೆಣ್ಣೆಯ ಬಟ್ಟಲು ತಂದು ಸೊಸೆಯ ಮುಂದಿಟ್ಟಳು.

"ಔಷ್ದಿ ಕುಡ್ಸಿದ್ದಾತು, ತಂಪು ಬಟ್ಟಿ ಹಾಕಿದ್ದಾತು. ಇನ್ನ ಕೈ ಇಳಸಾದೊಂದಾ ಉಳಿದಿರಾದು, ಹುಲಿಗಿ. ಹೆತ್ತಾಕಿನಾ ಮಾಡಬೇಕು. ನಾ ಮಾಡಿದ್ರ ನಡಿಯಂಗಿಲ್ಲ."

ಕೈ ಇಳಿಸುವುದು ಅವರ ಓಣಿಯ ಪದ್ಧತಿ. ಕಾದ ಮಗುವಿನ ಅಂಗೈಗೆ ತಾಯಿ ತನ್ನ ಅಂಗೈ ಸೇರಿಸಿ, ನಡುವೆ ಹರಳೆಣ್ಣೆ ಹಾಕಿ, ಎಣ್ಣೆ ಆರುವವರೆಗೆ ತಿಕ್ಕಬೇಕು. ಮಗುವಿನ ಜ್ವರ ತಾಯಿಯ ಕೈಗೆ ಇಳಿದು ಬರುತ್ತದೆಂದು ನಂಬಿಕೆ.

"ಗವಸು ಹಾಕ್ಕೊಂಡಾ ಮಾಡ್ತೀನಿ ಅತ್ತಿ."

"ರಬ್ಬರ್ ಚೀಲದಾಗ ಎಂಥ ಕೈ ಇಳಸ್ತೀಯಾ? ಚರ್ಮಕ್ಕ ಚರ್ಮ ಕೂಡಬೇಕು."

"ಹದಿನೇಳಾ ದಿನ ಅತ್ತಿ. ಆಮ್ಯಾಗ ಏನ್ ಬೇಕಾದ್ರೂ ಮಾಡ್ತೀನಿ."

"ಹುಡುಗಿ ಹದಿನೇಳು ದಿನ ತಡೀತದೇನು, ಅದನ್ನಾ ಕೇಳು."

ಹುಲಿಗೆಮ್ಮ ಮಗಳನ್ನು ನೋಡಿದಳು. ಆಮೇಲೆ ಹಲ್ಲುಕಚ್ಚಿ ಗವಸು ಕಳಚಿದಳು. ಬಾಗಿ ಬರಿಗೈಯನ್ನು ಮುಂದೆ ಚಾಚಿದರೆ, ಆ ಜ್ವರದಲ್ಲೂ ಮಗು ತನ್ನ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಿತು.

"ಬ್ಯಾಡ, ಅದು ಗಿಡದ ಕೈ. ನನ್ ಕೈ ಕೊಡು," ಎಂದು ನೆಲದ ಮೇಲೆ ಬಿದ್ದಿದ್ದ ರಬ್ಬರಿನ ಗವಸನ್ನು ತೋರಿಸಿ ಅತ್ತಿತು.

ಹುಲಿಗೆಮ್ಮನಿಗೆ ಹದಿನೇಳು ದಿನ, ಗೇಟು, ಕ್ವಾರ್ಟರ್ಸು, ಎಲ್ಲ ಮರೆತುಹೋಯಿತು. ಮಗಳ ಕೈಯನ್ನು ಬಲವಂತವಾಗಿ ಎಳೆದುಕೊಂಡು ಬಿಡಿಸಿದಳು. ಅಜ್ಜಿಯ ಜೊತೆ ಕೂತು ಬಿದಿರು ಸೀಳಿನಲ್ಲಿ ಆಟವಾಡಿ ಪುಟ್ಟ ಅಂಗೈ ತುಂಬ ಸಿಬಿರು ಗೀರಿದ ಗಾಯಗಳಿದ್ದವು. ಎಣ್ಣೆ ಸುರಿದಳು, ತಿಕ್ಕಿದಳು. ಮಗು ಉರಿಗೆ ಕಿರುಚಿದರೂ ಬಿಡಲಿಲ್ಲ. ಎಣ್ಣೆ ಆರಿ ಅಂಗೈ ಒಣಗುವವರೆಗೂ ತಿಕ್ಕಿದಳು. ತಿಕ್ಕುತ್ತಾ ತಾನೂ ಅತ್ತಳು.

ಮರುದಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಸಿರಪ್ಪು ಕೆಲಸ ಮಾಡಿತೋ, ಎಣ್ಣೆ ಕೆಲಸ ಮಾಡಿತೋ, ಜ್ವರಕ್ಕೇ ಸಾಕಾಯಿತೋ, ಯಾರಿಗೆ ಗೊತ್ತು. ಕೆಂಚಮ್ಮ ಮಾತ್ರ ಮನೆಯೊಳಗೆ ಎಣ್ಣೆಯ ಹೆಸರನ್ನೇ ಹೇಳಿಕೊಂಡು ಓಡಾಡಿದಳು.

ಸೀಗೆಯಲ್ಲಿ ನಾಲ್ಕು ಸಲ ಕೈ ತಿಕ್ಕಿ ತೊಳೆದು ಹುಲಿಗೆಮ್ಮ ಗೇಟಿಗೆ ಬಂದಳು. ಕೆಂಪು ದೀಪದ ಮೇಲೇ ಕಣ್ಣಿಟ್ಟು ಪೆಟ್ಟಿಗೆಯಲ್ಲಿ ಅಂಗೈ ಇಟ್ಟಳು. ಹಸಿರು ಹತ್ತಿತು. ಅವಳು ನಂಬಲಾರದೆ ಅಲ್ಲೇ ನಿಂತುಬಿಟ್ಟಳು. "ಏ, ಮುಂದಕ್ ನಡಿಯಕ್ಕ," ಎಂದು ಹಿಂದಿದ್ದ ಸುಂಕಮ್ಮ ಭುಜದಿಂದ ನೂಕಬೇಕಾಯಿತು.

ಏಳು ಬ್ಯಾಚಿಗೆ ಪಳಗಿದ ಕೈಯಲ್ಲಿ ಬಲಿತ ಹೆಪ್ಪು ಅದು. ಮಗುವಿನ ಚರ್ಮದಿಂದ ಇವಳ ಕೈಗೆ ಏನೂ ಹತ್ತಲು ಅದು ಬಿಟ್ಟಿರಲಿಲ್ಲ. ಇವಳ ಕೈಯಿಂದ ಮಗುವಿನ ಕೈಗೆ ಏನು ಹತ್ತಿರಬಹುದೆಂದು ನೋಡಲು ಗೇಟಿನ ಪೆಟ್ಟಿಗೆಗೆ ಯಾರೂ ಕಲಿಸಿರಲಿಲ್ಲ, ಹುಲಿಗೆಮ್ಮನಿಗೂ ಹೊಳೆಯಲಿಲ್ಲ. ಗೆದ್ದೆ ಎಂದುಕೊಂಡಳು. ಅವತ್ತು ಸಸಿಗಳ ಜೊತೆ ಹಾಡು ಗುನುಗುತ್ತಾ ಕೆಲಸ ಮಾಡಿದಳು.

ಎಂಬತ್ತನೆಯ ದಿನ ಸಂಸ್ಥೆಯಲ್ಲಿ ಕುಟುಂಬ ದಿನ. ಪ್ರತಿ ಬ್ಯಾಚಿಗೊಮ್ಮೆ ಮನೆಯವರನ್ನು ಕರೆದು, ಗಾಜಿನ ಗೋಡೆಯ ಆಚೆ ನಿಲ್ಲಿಸಿ ಕೈತಾಯಿಯರ ಕೆಲಸ ತೋರಿಸುತ್ತಿದ್ದರು. ಕೆಂಚಮ್ಮ ಮೊಮ್ಮಗಳನ್ನು ಕರೆತಂದಳು. ಲಾಡು ಹಂಚುವ ಗದ್ದಲದಲ್ಲಿ ಮಗು ಅಜ್ಜಿಯ ಕೈಯಿಂದ ಜಾರಿತು. ಅವ್ವನ ಬರಿಗೈ ದಿನಾ ಸಿಗುವ ಆ ಗಿಡಗಳು ಹೇಗಿವೆಯೋ ನೋಡಬೇಕೆಂದು ಅದಕ್ಕೆ ಎಷ್ಟೋ ದಿನದ ಆಸೆ. ನೆರಳು ಪರದೆಯ ಕೆಳಗೆ ನುಸುಳಿ ಒಳಗೆ ಹೋಯಿತು. ಯಾರೋ ಕೂಗಿ ಹುಲಿಗೆಮ್ಮ ತಿರುಗಿ ನೋಡುವಷ್ಟರಲ್ಲಿ, ದುರುಗಿ ಒಂದಿಡೀ ಸಾಲಿನ ಸಸಿಗಳನ್ನು ಬುಡದಿಂದ ತುದಿಯವರೆಗೆ ಒಂದೊಂದಾಗಿ ಸವರಿ ಮುಗಿಸಿತ್ತು.

ಹುಲಿಗೆಮ್ಮ, ಇನ್ನು ಹತ್ತು ದಿನ ಉಳಿದಿರುವಾಗ ಹೀಗಾಯಿತಲ್ಲ ಎಂದು ತಲೆ ಚಚ್ಚಿಕೊಂಡಳು. ಮೇಲ್ವಿಚಾರಕರು ಆ ಸಾಲಿಗೆ ಹಗ್ಗ ಕಟ್ಟಿ, ಮೂರು ದಿನ ನೋಡೋಣ ಎಂದು ಚೀಟಿ ಅಂಟಿಸಿ ಹೋದರು.

ಮೂರು ದಿನಕ್ಕೆ ಆ ಸಾಲು ಕೊಳೆಯಲಿಲ್ಲ, ಎದ್ದು ನಿಂತಿತ್ತು. ಉಳಿದ ಸಸಿಗಳು ಮೊಣಕಾಲೆತ್ತರ ಇದ್ದರೆ ಅವು ಸೊಂಟದೆತ್ತರ. ಒಂದೊಂದರ ಬುಡದಲ್ಲೂ ಹೆಬ್ಬೆರಳು ಗಾತ್ರದ ಎರಡು ಹೊಸ ಮೊಳಕೆ. ನಾಲ್ಕನೆಯ ದಿನ ಪಂಪಾಪತಿ ಹುಲಿಗೆಮ್ಮನನ್ನೂ ಅವಳ ಗಂಡ ತಿಪ್ಪೇಶನನ್ನೂ ಲ್ಯಾಬಿಗೆ ಕರೆಸಿದ. ತಿಪ್ಪೇಶ ಸಂಸ್ಥೆಯ ನೀರಿನ ಟ್ಯಾಂಕರ್ ಓಡಿಸುವವನು. ಲ್ಯಾಬಿನ ತಣ್ಣನೆಯ ಗಾಳಿಯಲ್ಲಿ ಹೆಂಡತಿಯ ಹಿಂದೆ ಕೈಕಟ್ಟಿ ನಿಂತಿದ್ದ.

"ಕೂತ್ಕೊಳ್ಳಮ್ಮ. ಟೀ ತರಿಸ್ಲಾ?" ಪಂಪಾಪತಿಗೆ ಸಿಟ್ಟಿರಲಿಲ್ಲ. ಅವನ ಮುಖ ಹಬ್ಬದ ಮುಖವಾಗಿತ್ತು. "ನಿನ್ನ ಮಗಳ ಕೈ ಪರೀಕ್ಷೆ ಮಾಡಿಸಿದ್ವಲ್ಲ, ಅದರಲ್ಲಿ ನಿನ್ನ ಹೆಪ್ಪೇ ಇದೆ. ಆದರೆ ನಿನ್ನ ಕೈಯಲ್ಲಿರೋದಕ್ಕಿಂತ ಹತ್ತು ಪಟ್ಟು ಚುರುಕು. ನೋಡು, ವಯಸ್ಸಿಗೆ ಬಂದವರ ಬೆವರಲ್ಲಿ ಒಂದು ಹುಳಿ ಸೇರುತ್ತೆ. ಅದು ಹೆಪ್ಪನ್ನ ಅರ್ಧಕ್ಕರ್ಧ ಸಾಯಿಸ್ತಾ ಇರುತ್ತೆ. ಸಣ್ಣ ಮಕ್ಕಳಲ್ಲಿ ಆ ಹುಳಿ ಇಲ್ಲ. ಇದು ನಮಗೆ ಮುಂಚೆನೇ ಗೊತ್ತಿತ್ತು. ಆದರೆ ಮಕ್ಕಳ ಕೈಗೆ ಹೆಪ್ಪು ಹಿಡೀತಾನೇ ಇರಲಿಲ್ಲ. ನನ್ನ ಮಗನ ಕೈಗೇ ಎರಡು ಸಲ ಹಚ್ಚಿ ನೋಡಿದೆ, ಹಿಡೀಲಿಲ್ಲ. ನೀನು ಹೇಗೆ ಹಿಡಿಸಿದೆ?"

ಹುಲಿಗೆಮ್ಮ ಹೇಳಿದಳು. ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. ಸಿಬಿರಿನ ಗಾಯ, ಹರಳೆಣ್ಣೆ, ಹೆತ್ತವಳ ಅಂಗೈ, ಎಣ್ಣೆ ಆರುವವರೆಗೆ ತಿಕ್ಕಿದ್ದು. ಪಂಪಾಪತಿ ಒಂದಕ್ಷರ ಬಿಡದೆ ಬರೆದುಕೊಂಡ.

"ತೊಳ್ದುಬಿಡ್ರಿ ಸರ್," ಎಂದಳು ಹುಲಿಗೆಮ್ಮ. "ನೀಲಿ ಔಷ್ದಿ ಹಚ್ಚಿ ಹುಡುಗಿ ಕೈ ತೊಳ್ದುಬಿಡ್ರಿ. ನನ್ನ ಬೇಕಾದ್ರ ಹೊರಗ ಹಾಕ್ರಿ."

"ಹನ್ನೆರಡು ವರ್ಷ ತುಂಬೋವರೆಗೂ ಆ ಔಷಧ ಹಚ್ಚೋ ಹಾಗಿಲ್ಲಮ್ಮ. ಬೆರಳಿನ ಮಾಂಸ ಕಳಚಿ ಬರುತ್ತೆ."

"ಹಂಗಾರ ಹಂಗಾ ಬಿಟ್ಟುಬಿಡ್ತೀನಿ."

"ಒಂದು ಸಲ ಮಗುವಿನ ಕೈಯಲ್ಲಿ ಸಸಿ ರುಚಿ ಕಂಡಿದೆ, ಇನ್ನು ಸಸಿ ಮುಟ್ಟದೆ ಇದ್ದರೆ ಹೆಪ್ಪಿಗೆ ಹಸಿವಾಗುತ್ತೆ. ಹಸಿದಾಗ ಅದು ಸಿಕ್ಕಿದ ಚರ್ಮಾನೇ ತಿನ್ನುತ್ತೆ. ನಿನ್ನಂಥವರ ಗಟ್ಟಿ ಕೈಗೆ ಬರೀ ತುರಿಕೆ ಆಗಬಹುದು. ಮಕ್ಕಳದು ಎಳೆ ಚರ್ಮ." ಪಂಪಾಪತಿ ಪೆನ್ನಿನ ಮುಚ್ಚಳ ಹಾಕಿದ. "ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಬಂದು ಗಿಡದ ಜೊತೆ ಆಡಲಿ. ಕಾನೂನಿನ ತೊಂದರೆ ಏನಿಲ್ಲ, ನಾವದನ್ನ ಆಟದ ಮನೆ ಅಂತ ಕರೀತೀವಿ."

ಹುಲಿಗೆಮ್ಮ ಎದ್ದು ನಿಂತಳು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಅವಳ ಬಾಯಿಂದ ಸರ್ ಎಂಬ ಮಾತು ಬಿದ್ದುಹೋಯಿತು. "ನಿನ್ ಮಗನ ಕೈಗೆ ಹಿಡೀಲಿಲ್ಲಲ್ಲ, ಅದಕ್ಕಾ ನಗಾಕತ್ತೀಯ. ಥೂ ನಿನ್ನ!" ಎಂದಳು. ತಿಪ್ಪೇಶ ಅವಳ ಸೆರಗು ಹಿಡಿದು ಜಗ್ಗಿದ. ಪಂಪಾಪತಿ ಬೇಸರ ಮಾಡಿಕೊಳ್ಳಲಿಲ್ಲ. ಇಂಥ ಮಾತು ಕೇಳಿಸಿಕೊಳ್ಳುವುದೂ ವಿಜ್ಞಾನದ ಸೇವೆಯೆಂದೇ ಅವನು ತಿಳಿದಿದ್ದ.

ಅವತ್ತೇ ಮಧ್ಯಾಹ್ನದ ಬಸ್ಸಿಗೆ ಹುಲಿಗೆಮ್ಮ ಮಗಳನ್ನು ಕಟ್ಟಿಕೊಂಡು ಕೂಡ್ಲಿಗಿಯ ಅಕ್ಕನ ಮನೆಗೆ ಹೊರಟುಹೋದಳು. ಗವಸುಗಳನ್ನು ದಾರಿಯಲ್ಲೇ ಕಿಟಕಿಯಿಂದ ಎಸೆದಳು. ತಾಯಿ ಮಗಳ ಕೈಯಲ್ಲಿದ್ದದ್ದು ಒಂದೇ ಹೆಪ್ಪು, ಮುಟ್ಟಲು ಯಾವ ಅಡ್ಡಿಯೂ ಇರಲಿಲ್ಲ. ಮೊದಲ ದಿನ ದುರುಗಿ ಬರಿಗೈ ಕಂಡರೆ ಮುದುಡಿಕೊಳ್ಳುತ್ತಿತ್ತು. ಎರಡನೆಯ ದಿನ ತಾನೇ ಬಂದು ಅವ್ವನ ಬೆರಳು ಹಿಡಿಯಿತು. ಹುಲಿಗೆಮ್ಮ ಅನ್ನ ಕಲಸಿ ಬಾಯಿಗಿಟ್ಟಳು, ಎಣ್ಣೆ ಹಚ್ಚಿ ಜಡೆ ಹಾಕಿದಳು. ಇಷ್ಟು ಸುಖ ಒಟ್ಟಿಗೆ ಬಂದದ್ದಕ್ಕೆ ಅವಳಿಗೆ ಭಯವೇ ಆಯಿತು.

ಮೂರನೆಯ ದಿನ ಮಗು ಅಂಗೈ ತುರಿಸಿಕೊಳ್ಳತೊಡಗಿತು. ನಾಲ್ಕನೆಯ ದಿನ ರೇಖೆ ರೇಖೆಯಲ್ಲೂ ಚರ್ಮ ಬಿರಿದು ರಕ್ತ ಬಂತು. ತುತ್ತು ಹಿಡಿಯಲಾಗದೆ, ಮುಷ್ಟಿ ಕಟ್ಟಲಾಗದೆ, ಎರಡೂ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಮಗು ಅತ್ತೂ ಅತ್ತೂ ದನಿ ಕಳೆದುಕೊಂಡಿತು. ಅಕ್ಕ ಊರಿನ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಮುಲಾಮು ಬರೆದುಕೊಟ್ಟರು. ಮುಲಾಮನ್ನೂ ಹೆಪ್ಪು ತಿಂದು ಹಾಕಿತು.

ಐದನೆಯ ದಿನ ಬೆಳಿಗ್ಗೆ ಗೇಟಿನ ಮುಂದೆ ಹುಲಿಗೆಮ್ಮ ಮಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಯಾರೂ ಬೈಯಲಿಲ್ಲ. ಒಳಗೆ ಕರೆದೊಯ್ದು ಸಸಿಗಳ ನಡುವೆ ಬಿಟ್ಟರು. ಬಿರಿದ ಕೈಯಲ್ಲಿ ಮಗು ಮೊದಲ ಸಸಿಯನ್ನು ಸವರಿತು, ಎರಡನೆಯದನ್ನು ಸವರಿತು. ಹತ್ತನೆಯದಕ್ಕೆ ಬರುವ ಹೊತ್ತಿಗೆ ಅಳು ನಿಂತಿತು. ನಲವತ್ತನೆಯದಕ್ಕೆ ನಕ್ಕಿತು.

ಸಂಸ್ಥೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹುಲಿಗೆಮ್ಮನ ಏಳನೆಯ ಬ್ಯಾಚು ಮುಗಿದದ್ದೆಂದೇ ಬರೆದುಕೊಂಡು ಅವಳ ಕೈಯನ್ನು ನೀಲಿ ಔಷಧದಲ್ಲಿ ಹತ್ತು ದಿನ ಅದ್ದಿಸಿ ಪೂರ್ತಿ ತೊಳೆದರು. ದೊಡ್ಡವರ ಹುಳಿ ಹೆಪ್ಪು ಮಗುವಿನ ಹೆಪ್ಪಿಗೆ ಬೆರೆಯಬಾರದಲ್ಲ. ಅವಳ ಅಂಗೈ ಎಳೆಗೂಸಿನ ಅಂಗೈಯಂತೆ ನಸುಗೆಂಪಾಗಿ ಹೊರಬಂತು. ಏಳು ಬ್ಯಾಚು ದುಡಿದು ಬೇಡಿಕೊಂಡಿದ್ದ ಕೈ. ಅದನ್ನು ಹೊತ್ತು ಮನೆಗೆ ಓಡಿದಳು. ದುರುಗಿ ಹೊಸ್ತಿಲಲ್ಲಿ ಕೂತಿತ್ತು, ಕೈಗೆ ಗಿಳಿಯ ಚಿತ್ರವಿದ್ದ ಪುಟ್ಟ ಹಳದಿ ಗವಸು. ಹುಲಿಗೆಮ್ಮ ಗವಸಿಗೆ ಕೈ ಹಾಕಿದ ಕೂಡಲೇ ಮಗು ಹಿಂದೆ ಸರಿಯಿತು.

"ಮುಟ್ಟಬ್ಯಾಡವ್ವ, ಕೆಂಪು ಹತ್ತತದ. ನನ್ ಗಿಡ ಸಾಯ್ತಾವು."

ಕೊಟ್ಟ ಕಾಯಂ ಕೆಲಸ ಅವಳು ಎಣಿಸಿದ್ದಂತೆ ಲೆಕ್ಕದ ಮೇಜಿನದಾಗಿರಲಿಲ್ಲ. ಮಕ್ಕಳ ಕೈಗೆ ಹೆಪ್ಪು ಹಿಡಿಸುವುದನ್ನು ಬೇರೆ ತಾಯಂದಿರಿಗೆ ಕಲಿಸುವ ತರಬೇತಿಯದಾಗಿತ್ತು. ಬೇಡವೆಂದರೆ ನರ್ಸರಿಯ ಗೇಟಿನೊಳಗೆ ಕಾಲಿಡುವಂತಿಲ್ಲ. ಒಪ್ಪಿದರೆ ದಿನಕ್ಕೆರಡು ಸಲ ಗಾಜಿನ ಈಚೆಯಿಂದ ದುರುಗಿಯನ್ನು ನೋಡಬಹುದು. ಹುಲಿಗೆಮ್ಮ ಮೂರು ದಿನ ಅನ್ನ ಬಿಟ್ಟಳು. ನಾಲ್ಕನೆಯ ದಿನ ಒಪ್ಪಿದಳು. ಅಷ್ಟರಲ್ಲಿ ನರ್ಸರಿಯ ಹೆಂಗಸರೇ ಅವಳ ಬಾಗಿಲಿಗೆ ಬರತೊಡಗಿದ್ದರು. ಮಗುವಿನ ಕೈಗೆ ಹೆಪ್ಪು ಹಿಡಿಸಿದವರಿಗೆ ಮೂರು ಕೋಣೆಯ ಮನೆ, ದೊಡ್ಡ ಶಾಲೆಯಲ್ಲಿ ಸೀಟು ಎಂದು ಗೇಟಿನಲ್ಲಿ ನೋಟೀಸು ಹಚ್ಚಿದ್ದರು. ನೀ ಹೆಂಗ ಹಿಡಿಸಿದಿ ಹೇಳಕ್ಕ ಎಂದು ಅವರು ಕೇಳುವಾಗ ದನಿಯಲ್ಲಿ ಹೊಟ್ಟೆಕಿಚ್ಚೂ ಇತ್ತು.

ಮೊದಲು ಬಂದವಳು ಸುಂಕಮ್ಮ. ಅವಳ ಮಗನಿಗೆ ಇನ್ನೂ ಮೂರು ತುಂಬಿರಲಿಲ್ಲ. ಲ್ಯಾಬಿನ ಪಕ್ಕದ ಬಿಳಿ ಕೋಣೆಯಲ್ಲಿ ಬಟ್ಟಲು ತುಂಬ ಹರಳೆಣ್ಣೆ ಇಟ್ಟಿದ್ದರು, ತಟ್ಟೆಯಲ್ಲಿ ತೆಳ್ಳಗೆ ಹೆರೆದ ಬಿದಿರಿನ ಸೀಳು. ಮೂಲೆಯಲ್ಲಿ ಪಂಪಾಪತಿ ನೋಟುಪುಸ್ತಕ ಹಿಡಿದು ಕೂತಿದ್ದ. ಹುಡುಗ ಅಮ್ಮನ ತೊಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ.

ಹುಲಿಗೆಮ್ಮ ಅವನ ಕೈಯನ್ನು ತೆಗೆದುಕೊಂಡಳು. ಬಿಸ್ಕತ್ತಿನ ಜಿಗುಟು ಅಂಟಿದ, ಬೆಚ್ಚಗಿನ, ಮೆತ್ತನೆಯ ಕೈ. ಅವಳ ಹೊಸ ಚರ್ಮಕ್ಕೆ ತಾಗಿದ ಮೊದಲ ಮಗುವಿನ ಮೈ ಅದು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಳು. ಪಂಪಾಪತಿ ಗಡಿಯಾರ ನೋಡಿದ. ಅವಳು ಪುಟ್ಟ ಬೆರಳುಗಳನ್ನು ಬಿಡಿಸಿ, ಬಿದಿರಿನ ಸೀಳಿನಿಂದ ಅಂಗೈಯ ಮೇಲೆ ಐದು ಗೀರು ಎಳೆದಳು. ಹುಡುಗ ಚೀರಿದ.

"ಈಗ ಎಣ್ಣಿ ಹಾಕಿ ತಿಕ್ಕು. ಒತ್ತಿ ತಿಕ್ಕು, ಮ್ಯಾಲ ಮ್ಯಾಲ ಸವರಿದ್ರ ಹಿಡಿಯಂಗಿಲ್ಲ," ಎಂದಳು ಹುಲಿಗೆಮ್ಮ.

ಸುಂಕಮ್ಮ ಮುಖ ಆಚೆ ತಿರುಗಿಸಿಕೊಂಡು ತಿಕ್ಕಿದಳು. ಎಣ್ಣೆ ಆರಿತು. ಹುಡುಗ ಬಿಕ್ಕುತ್ತಾ ತಾಯಿಯ ಕೊರಳಿಗೆ ಜೋತುಬಿದ್ದ.

"ಅಕ್ಕಾ," ಎಂದಳು ಸುಂಕಮ್ಮ ಮೆಲ್ಲಗೆ, ಪಂಪಾಪತಿಗೆ ಕೇಳದಂತೆ. "ಇವತ್ತೊಂದಿನ ಬರಿಗೈಲೆ ಉಣಿಸ್ಲೇನು? ನಾಳಿಂದ ನನ್ ಕೈ ತೊಳಸ್ತಾರಲ್ಲ."

ಹುಲಿಗೆಮ್ಮ ಪೆಟ್ಟಿಗೆಯಿಂದ ಒಂದು ಜೊತೆ ಹಳದಿ ಗವಸು ತೆಗೆದಳು, ಎಲ್ಲಕ್ಕಿಂತ ಚಿಕ್ಕ ಅಳತೆಯದು.

"ಬ್ಯಾಡ," ಎಂದಳು. ಹುಡುಗನ ಮಣಿಕಟ್ಟು ಹಿಡಿದು ಕೈಗಳನ್ನು ಅವನ ತಾಯಿಯ ಕೊರಳಿನಿಂದ ಒಂದೊಂದಾಗಿ ಬಿಡಿಸಿ ಗವಸು ತೊಡಿಸಿದಳು. ಆಮೇಲೆ ಬಾಗಿಲಿನ ಕಡೆ ತಿರುಗಿ ಮುಂದಿನವಳನ್ನು ಕರೆದಳು.